ಯಾರೂ ಹೇಳಿಕೊಡದೆ ಹೋದದ್ದು

ಮುಲುಂಡ್, ಮುಂಬಯಿ
೧೨ ಆಗಸ್ಟ್ ೨೦೨೪

ಪ್ರೀತಿಯ ಮಹಾದೇವಕ್ಕಾ,

ಮಾಧುರಿಯ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಮಳೆಗಾಲದ ಕೆಮ್ಮು ಈ ಸಲ ಕಾಡಲಿಲ್ಲ ತಾನೇ? ಇಲ್ಲಿ ಎಲ್ಲರೂ ಆರಾಮ. ನಿಮ್ಮ ತಮ್ಮನಿಗೆ ಮಾತ್ರ ಲೋಕಲ್ ರೈಲಿನಲ್ಲಿ ನಿಂತು ನಿಂತು ಸೊಂಟ ಹಿಡಿದಿದೆ.

ಶನಿವಾರ ಶೀತಲ್‌ಳ ಶಾಲೆಯಲ್ಲಿ ತಂದೆತಾಯಿಗಳ ಸಭೆ ಇತ್ತು. ಒಂಬತ್ತನೆಯ ತರಗತಿಯವರಿಗೆ ಲೈಂಗಿಕ ಆರೋಗ್ಯ, ರೋಗ ತಡೆಯುವ ಬಗೆ ಎಲ್ಲ ಹೇಳಿಕೊಡುತ್ತಾರಂತೆ. ಅದಕ್ಕೆ ನಮ್ಮ ಒಪ್ಪಿಗೆಯ ಸಹಿ ಬೇಕು. ನನಗೋ, ಇಂಥದ್ದನ್ನೆಲ್ಲ ಮಕ್ಕಳೆದುರು ಹೇಗೆ ಹೇಳುತ್ತಾರೆ ಎಂಬ ಕುತೂಹಲ. ನಮ್ಮ ಬಿಲ್ಡಿಂಗಿನ ಖಂಡಪ್ಪನವರು ಎದ್ದು ನಿಂತು ಬೇಡವೇ ಬೇಡ ಎಂದರು. ಕೂತ ಮೇಲೂ ನಮ್ಮ ಕಡೆ ತಿರುಗಿ, “ಗೊತ್ತಿಲ್ಲದ ಹುಡುಗ್ರಿಗೆ ನಾವ ಯಾಕ ಗೊತ್ತ ಮಾಡಿಕೊಡಬೇಕ್ರಿ?” ಎಂದರು. ನಿಮ್ಮ ತಮ್ಮ ಹೌದೆಂದು ತಲೆಯಾಡಿಸಿದರು.

ಪಾಠ ಹೇಳಲು ಬಂದಿದ್ದ ಡಾಕ್ಟರ್ ಬಾಯಿಯವರು ವಾದಕ್ಕೆ ಇಳಿಯಲಿಲ್ಲ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನಿಮಗೆ ಯಾರೂ ಹೇಳಿಕೊಡದೆ ಹೋದದ್ದನ್ನು ಬರೆಯಿರಿ, ಹೆಸರು ಬೇಡ ಎಂದರು. ಅಕ್ಕಾ, ನಾನು ಬರೆದದ್ದನ್ನು ನಿಮಗೆ ಹೇಳಲೇಬೇಕು. ಭಾವನವರು ಎಚ್‌ಐವಿಯಿಂದ ತೀರಿಹೋಗಿ, ನಿಮಗೂ ಅದು ತಗುಲಿದೆ ಎಂದು ತಿಳಿದ ವರ್ಷ ನೀವು ಇಲ್ಲಿಗೆ ಬಂದಿರಲ್ಲ, ಆಗ ನಿಮ್ಮ ತಾಟು, ಲೋಟ ನಾನು ಬೇರೆ ಇಟ್ಟಿದ್ದೆ. ತಾಟು, ಲೋಟದಿಂದ ಅದು ಹರಡುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ನೀವು ಕಂಡೂ ಸುಮ್ಮನೆ ಉಂಡು ಎದ್ದಿರಿ. ನನ್ನನ್ನು ಕ್ಷಮಿಸಿ.

ಡಾಕ್ಟರ್ ಬಾಯಿಯವರು ಚೀಟಿಗಳನ್ನು ಒಂದೊಂದಾಗಿ ಓದಿದರು. ಒಬ್ಬಾಕೆ ಮೊದಲ ಸಲ ಮುಟ್ಟಾದಾಗ ಸಾಯುತ್ತೇನೆಂದೇ ತಿಳಿದಿದ್ದಳಂತೆ. ಇನ್ನೊಂದರಲ್ಲಿ ಹೀಗಿತ್ತು: “ಅಕ್ಕನಿಗೆ ಗಂಡು ನೋಡಲು ಹೋದವನು ನಾನೇ. ಹೊಲ ಕೇಳಿದೆ, ನೌಕರಿ ಕೇಳಿದೆ. ರಕ್ತದ ತಪಾಸಣೆ ಕೇಳಬಹುದೆಂದು ಗೊತ್ತಿರಲಿಲ್ಲ.” ಯಾರದೆಂದು ನನಗೆ ತಿಳಿಯಿತು. ನಮ್ಮ ಮದುವೆಯಾದ ಈ ಹದಿನಾರು ವರ್ಷದಲ್ಲಿ ಅವರು ಈ ಮಾತು ಒಮ್ಮೆಯೂ ಎತ್ತಿರಲಿಲ್ಲ. ಅವರ ಕಡೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಪ್ರಶ್ನೆಗಳು ಶುರುವಾದವು ನೋಡಿ, ಶಾಲೆಯ ಸಿಪಾಯಿ ಬಂದು ಫ್ಯಾನ್ ಆರಿಸುವವರೆಗೂ ನಿಲ್ಲಲಿಲ್ಲ. ಮಕ್ಕಳಿಗಿಂತ ಹೆಚ್ಚು ನಮಗೇ ತಿಳಿಯಬೇಕಾಗಿತ್ತು. ಖಂಡಪ್ಪನವರೂ ಆ ತಪಾಸಣೆ ಎಲ್ಲಿ ಮಾಡುತ್ತಾರೆ ಎಂದು ಮೆಲ್ಲಗೆ ವಿಚಾರಿಸಿಕೊಂಡರು. ಸಹಿ ಮಾತ್ರ ಹಾಕಲಿಲ್ಲ. ನಿಮ್ಮ ತಮ್ಮ ಹಾಕಿದರು. ಮನೆಗೆ ಬರುವಾಗ ಬಿಲ್ಡಿಂಗಿನ ಗೇಟಿನ ಹತ್ತಿರ ನಿಂತು, “ಅಕ್ಕನ ಮುಂದ ನನಗ ಹೇಳಾಕ ಆಗೂದಿಲ್ಲ. ನೀನ ಬರಿ” ಎಂದರು. ಬರೆದಿದ್ದೇನೆ.

ಊರಿನ ಎಲ್ಲ ಹಿರಿಯರಿಗೆ ನಮ್ಮ ಶರಣು ತಿಳಿಸಿ.

ನಿಮ್ಮ ಆಶೀರ್ವಾದ ಬೇಡುವ,
ಮಾಧುರಿ

ತಾ.ಕ.: ನಿಮ್ಮ ಮಾತ್ರೆ ಶುಗರ್‌ನದು ಎಂದೇ ಶೀತಲ್‌ಗೆ ಹೇಳಿದ್ದೇವೆ. ಪಾಠ ಮುಂದಿನ ತಿಂಗಳು. ಅಲ್ಲಿ ಎಚ್‌ಐವಿ ಬರೀ ಒಂದು ರೋಗದ ಹೆಸರಾಗಿ ಬರುತ್ತದೆ. ಅದಕ್ಕೂ ಮೊದಲು ಅವಳು ನಿಮ್ಮ ಬಾಯಿಂದಲೇ ಕೇಳಲಿ ಎಂದು ನನ್ನ ಆಸೆ. ಬೇಡವೆಂದರೆ ನಾನು ತುಟಿ ಬಿಚ್ಚುವುದಿಲ್ಲ. ಹೂಂ ಎಂದರೆ ಭಾನುವಾರ ಫೋನ್ ಮಾಡಿ. ಅವಳ ಕೈಗೇ ಕೊಡುತ್ತೇನೆ.