ಫ್ರಾನ್ಸಿನ ಸವಾರನ ಕೋಟು

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ರೊಟ್ಟಿ. ಮೂರನೆಯದೂ ಹರಿಯಿತು. ಅತ್ತೆ ನಕ್ಕರು, ನಾನೂ ನಕ್ಕೆ. ಮದುವೆಯಾಗಿ ಇಪ್ಪತ್ತಮೂರು ದಿನ — ಇನ್ನೂ ಎಣಿಸುತ್ತಿದ್ದೇನೆ! ಇವರು ಹೊನ್ನಾಳಿಯ ಪಶು ಆಸ್ಪತ್ರೆಗೆ ಹೊರಟಾಗ ಬಾಗಿಲಲ್ಲಿ ನಿಂತು ಕೈ ಬೀಸಿದೆ. ಎದುರುಮನೆಯವರು ನೋಡಿದರು. ನೋಡಲಿ.

ಮದುವೆ ನಮ್ಮ ಜಗಳೂರಿನಲ್ಲಾಯಿತು. ಇಲ್ಲಿ, ಇವರ ಊರಲ್ಲಿ, ಮೂವತ್ತಕ್ಕೆ ರಿಸೆಪ್ಶನ್. ಮಾವನಿಗೆ ಒಂದೇ ಆಸೆ — ಮಗ ಕುದುರೆ ಹತ್ತಿ ದೊಡ್ಡಬೀದಿಯಲ್ಲಿ ಅಂಬೇಡ್ಕರ್ ಭವನಕ್ಕೆ ಹೋಗಬೇಕು. ಅವರ ಮದುವೆಯ ಕಾಲಕ್ಕೆ ನಮ್ಮ ಕೇರಿಯವರ ಮೆರವಣಿಗೆ ಆ ಬೀದಿಗೆ ಬರುವಂತಿರಲಿಲ್ಲ. ಹಿಂದಿನ ಓಣಿಯಿಂದ ನಡೆದು ಮನೆ ಸೇರಿದರಂತೆ. ಇದು ಅತ್ತೆ ಹೇಳಿದ್ದು. ಮಾವ ಹೇಳುವುದಿಲ್ಲ.

ಕುದುರೆ ಫಿಕ್ಸ್. ಡ್ರೆಸ್? ಶೇರ್ವಾನಿ ಎಲ್ಲರೂ ಹಾಕುತ್ತಾರೆ. ಫೋನಿನಲ್ಲಿ ಹುಡುಕುತ್ತಾ ಸಿಕ್ಕಿತು — ಫ್ರಾನ್ಸಿನ ಯಾವುದೋ ಮ್ಯೂಸಿಯಂನ ಹಳೆಯ ಅಚ್ಚಿನ ಚಿತ್ರಗಳು. ಇನ್ನೂರೈವತ್ತು ವರ್ಷದ ಹಿಂದಿನವು. ಕುದುರೆ ಸವಾರರ ಉಡುಪು! ಕೆಂಪು ಕೋಟು, ತೋಳಿಗೆಲ್ಲ ಚಿನ್ನದ ಪಟ್ಟಿ, ಪ್ರತಿ ಗುಂಡಿಯ ಮೇಲೂ ಪುಟ್ಟ ಕಿರೀಟ. ಅಯ್ಯೋ, ಎಷ್ಟು ಚಂದ. ಇವರಿಗೆ ಇದೇ. ನನ್ನ ರಾಜಕುಮಾರ!

ನವೆಂಬರ್ 20

ಹೊನ್ನಾಳಿಗೆ ಹೋಗಿ ದೊಡ್ಡದಾಗಿ ಕಲರ್ ಪ್ರಿಂಟ್ ತೆಗೆಸಿದೆ. ಟೈಲರ್ ಪುಷ್ಪಕ್ಕನ ಮುಂದೆ ಹರಡಿದೆ.

"ಇಷ್ಟೊಂದು ಗುಂಡೀನಾ? ನಿಮ್ಮೆಜಮಾನ್ರು ಇವನ್ನೆಲ್ಲ ಹಾಕ್ಕಳಾದ್ರೊಳಗೆ ಬಂದೋರು ಉಂಡು ಹೋಗಿರ್ತಾರೆ."

ಆದರೂ ಒಪ್ಪಿಕೊಂಡರು. ಐದು ದಿನ.

ನವೆಂಬರ್ 25

ಕೋಟು ಬಂತು!! ಇವರು ತೊಟ್ಟು ಅಂಗಳದಲ್ಲೇ ಒಂದು ಸುತ್ತು ಕುಣಿದರು.

"ಏನೋ ನಾಗರಾಜ, ಬ್ಯಾಂಡ್‌ಸೆಟ್ ಸೇರಿದ್ಯಾ?" — ಅತ್ತೆ. ಇವರು ಸೆಲ್ಯೂಟ್ ಹೊಡೆದರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು.

ಮಾವ ಹೊಲದಿಂದ ಬಂದವರು ನಿಂತು ನೋಡಿದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ನವೆಂಬರ್ 26, ಮಧ್ಯಾಹ್ನ

ಇವರು ಡ್ಯೂಟಿಗೆ ಹೋದ ಮೇಲೆ ಮಾವ ಕರೆದರು. "ಆ ಪಟ ತೋರ್ಸವ್ವ ಮಿತ್ರಾ."

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇವನು ಯಾರು?"

"ಯಾರೋ ದೊಡ್ಡ ಮನೆತನದವನು ಮಾವ."

"ಹಿಂದೆ ಇನ್ನೊಂದು ಕುದುರೆ ಐತೆ ನೋಡು. ಅದರ ಲಗಾಮೂ ಇವನ ಕೈಲೇ ಐತೆ. ಜೀನಿನ ಮೇಲೆ ಯಾರೂ ಇಲ್ಲ."

ನಾನು ಆ ಕುದುರೆಯನ್ನು ನೋಡಿಯೇ ಇರಲಿಲ್ಲ. ಕೋಟು ಮಾತ್ರ ನೋಡಿದ್ದೆ.

"ಸಾಹೇಬ ಇನ್ನೂ ಬಂದಿಲ್ಲ. ಇವನು ಕಾಯಾಕತ್ಯಾನೆ."

ಕೆಳಗಿನ ಫ್ರೆಂಚ್ ಸಾಲನ್ನು ಫೋನಿಗೆ ಹಿಡಿದು ಕನ್ನಡ ಮಾಡಿಸಿದೆ. ಶ್ರೀಮಂತರ ಮನೆಯ ಆಳಿನ ಸವಾರಿ ಉಡುಪು. ಕಿರೀಟ ಧಣಿಯ ಗುರುತು.

ಮಾವ ತಾಲ್ಲೂಕು ಕಚೇರಿಯಲ್ಲಿ ಜವಾನರಾಗಿದ್ದವರು. "ನನಗೂ ಕೊಟ್ಟಿದ್ರು. ಬಿಳಿ ಕೋಟು, ಎದೆಗೆ ಅಡ್ಡ ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ. ಮೂವತ್ನಾಲ್ಕು ವರ್ಷ. ಚೆನ್ನಾಗೇ ಕಾಣ್ತಿದ್ದೆ."

ಪ್ರಿಂಟನ್ನು ಮಡಚಿ ನನ್ನ ಕೈಗಿಟ್ಟರು. "ಅವನಿಗೆ ಹೇಳಬ್ಯಾಡ. ಖುಷಿಯಾಗಿದಾನೆ."

ನವೆಂಬರ್ 27

ಹೇಳಿಬಿಟ್ಟೆ. ಬಚ್ಚಿಡಲು ಆಗಲಿಲ್ಲ... ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಳಿನ ಅಂಗಿ ಹಾಕ್ಕಂಡು ಅಪ್ಪನ ಮುಂದೆ ಕುಣಿದೆನಲ್ಲ ಮಿತ್ರಾ. ಕುದುರೆನೇ ಬ್ಯಾಡ ಬಿಡು."

ನವೆಂಬರ್ 29

ಕುದುರೆಯ ಗಾದ್ರಪ್ಪನಿಗೆ ಇವರು ಬೇಡವೆಂದು ಫೋನ್ ಮಾಡಿದ್ದು ಇಂದು ಮಾವನಿಗೆ ತಿಳಿಯಿತು. ಊಟದ ತಟ್ಟೆ ಪಕ್ಕಕ್ಕಿಟ್ಟರು.

"ಅಂಗಿ ಬ್ಯಾಡಾದ್ರೆ ಬಿಚ್ಚಿಡು. ಬೀದಿ ಯಾಕೆ ಬಿಡ್ತೀಯ?"

"ನೀವು ಬೇಜಾರಾದ್ರಿ ಅಂತ..."

"ಅಂಗಿ ನೋಡಿ ನನ್ನ ಹಳೇ ದಿನ ನೆಪ್ಪಾತು ಅಷ್ಟೇ. ನೀನು ಹತ್ತದಿದ್ರೆ ನಾನು ಭವನಕ್ಕೆ ಬರಾಕಿಲ್ಲ."

ಇವರು ಎದ್ದು ಹೊರಗೆ ಹೋದರು. ನಾಳೆ ಕುದುರೆ ತನ್ನಿ ಎಂದು ಗಾದ್ರಪ್ಪನಿಗೆ ಫೋನ್ ಮಾಡಿದ್ದು ಕೇಳಿಸಿತು. ನಾನು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತೆ.

ನವೆಂಬರ್ 30, ಭಾನುವಾರ, 10.20

ಹಾರ ತರಲು ಒಳಗೆ ಬಂದವಳು ಬರೆಯುತ್ತಿದ್ದೇನೆ. ಈಗಲೇ ಬರೆಯಬೇಕು.

ಇವರು ಬಿಳಿ ಶರ್ಟಿನಲ್ಲೇ ಹತ್ತಿದರು. ಮಾವ ಹೋಗಿ ಗಾದ್ರಪ್ಪನ ಕೈಯಿಂದ ಲಗಾಮು ಇಸಿದುಕೊಂಡರು. ಇವರು ಮೇಲಿನಿಂದ ಬಗ್ಗಿ ಅವರ ಮಣಿಕಟ್ಟು ಹಿಡಿದರು.

"ಅಪ್ಪಾ, ನೀವು ಬ್ಯಾಡ್ರಿ. ಇಷ್ಟು ವರ್ಷ ಕಂಡೋರ ಬ್ಯಾಗು, ಫೈಲು ಹಿಡಿದಿದ್ದು ಸಾಕು."

"ಅವೆಲ್ಲ ಹಿಡಿ ಅಂದಿದ್ದಕ್ಕೆ ಹಿಡಿದಿದ್ದು ಕಣೋ. ಇದನ್ನ ಯಾರೂ ಹೇಳಿಲ್ಲ. ನೆಟ್ಟಗೆ ಕೂತ್ಕ."

ಇವರು ಕೈ ಬಿಟ್ಟರು.

ತಮಟೆ ಶುರುವಾಯಿತು. ಅತ್ತೆ ಕೂಗುತ್ತಿದ್ದಾರೆ. ಕಿಟಕಿಯಿಂದ ದೊಡ್ಡಬೀದಿಯ ತಿರುವು ಕಾಣುತ್ತದೆ — ಮಾವ ಒಂದು ಕ್ಷಣ ನಿಂತರು. ಈಗ ತಿರುಗಿದರು, ಬಲಕ್ಕೆ, ದೊಡ್ಡಬೀದಿಗೆ, ನಾನು ಓಡಬೇಕು, ಅಪ್ಪ ಮಗ ಇಬ್ಬರೂ ನೆಟ್ಟಗೆ...