ಹಳೆಯದೇ ಊರ್ಜಿತ

ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಯಜಮಾನರೇ,

ಕೆಮ್ಮು ಹೇಗಿದೆ? ಹಗಲೆಲ್ಲ ಸುರಂಗದ ಕೆಲಸದಲ್ಲಿ ಧೂಳು ಕುಡಿದು, ಬಂದ ಮೇಲೆ ತಣ್ಣೀರು ಬೇರೆ ಕುಡಿಯುತ್ತೀರಿ. ನಾನಿಲ್ಲಿಂದ ಬೈದರೆ ನಿಮಗೆಲ್ಲಿ ಕೇಳಬೇಕು! ಕಳಿಸಿದ ಮಫ್ಲರನ್ನು ಪೆಟ್ಟಿಗೆಯಲ್ಲೇ ಭದ್ರ ಮಾಡಬೇಡಿ, ಕತ್ತಿಗೆ ಸುತ್ತಿಕೊಳ್ಳಿ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಆದರೆ ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಉಕ್ಕಿಸಿದೆ. ಹೊಲಿಯಲು ಕೊಟ್ಟಿದ್ದ ಡಾಕ್ಟರಮ್ಮನ ಅಂಗಿಗೆ ಎರಡೂ ಕಡೆ ಎಡಗೈ ತೋಳೇ ಹೊಲಿದಿದ್ದೇನೆ, ಈಗ ಬಿಚ್ಚಬೇಕು.

ವಿಷಯ ನಮ್ಮ ಗಿಣಿಯದು. ನಿಮ್ಮ ಮಗಳಿಗೆ ಲೆಕ್ಕದಲ್ಲಿ ಬಂದದ್ದು ಸೊನ್ನೆಯಲ್ಲ, ಸೊನ್ನೆಯ ಪಕ್ಕದ ಮನೆ. ಪಾಸಾಗದ ಮಕ್ಕಳನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕೇ ಎಂದು ಶಾಲೆಯವರು ಪ್ರತಿವರ್ಷ ಪೋಷಕರನ್ನು ಕೇಳುತ್ತಾರಲ್ಲ, ಆ ಸಭೆ ಇಪ್ಪತ್ತೆರಡರ ಶನಿವಾರ. 'ಹೌದು' ಹೆಚ್ಚಾದರೆ ಗಿಣಿ ನಾಲ್ಕರಲ್ಲೇ ಉಳಿಯುತ್ತಾಳೆ, ಗೆಳತಿಯರೆಲ್ಲ ಐದಕ್ಕೆ ಹೋಗುತ್ತಾರೆ. ಹೆಡ್‌ಮಿಸ್ಸು ನಿನ್ನೆ ಬಲು ಹೆಮ್ಮೆಯಿಂದ, "ಏಳೆಂಟು ವರ್ಷದಿಂದ ಪೋಷಕರ ಅಭಿಪ್ರಾಯ ಒಂದಿಂಚೂ ಅಲುಗಾಡಿಲ್ಲ ನೋಡಿ" ಎಂದರು.

ಅಲುಗಾಡುವುದಾದರೂ ಹೇಗೆ? ಗುಮಾಸ್ತರನ್ನು ವಿಚಾರಿಸಿದೆ. ಒಮ್ಮೆ ಬರೆದುಕೊಟ್ಟವರು ಮತ್ತೆ ಬದಲಾಯಿಸಿ ಕೊಡದಿದ್ದರೆ "ಹಳೇದೇ ಊರ್ಜಿತಮ್ಮಾ" ಅಂತೆ. ಒಂದು ಮನೆಯಿಂದ ಎರಡೇ ಅಭಿಪ್ರಾಯ ಕೊಡಬಹುದು. ನಮ್ಮ ಮನೆಯವು ನಿಮ್ಮದು, ಮಾವನವರದು, ಎರಡೂ 'ಹೌದು'. ಮಾವನವರು ತೀರಿಕೊಂಡು ಎರಡು ವರ್ಷವಾಯಿತು, ಅವರ ಅಭಿಪ್ರಾಯ ಮಾತ್ರ ಗಟ್ಟಿಮುಟ್ಟಾಗಿದೆ! ನಗುವೂ ಬಂತು, ಮೈಯೂ ಉರಿಯಿತು. ಅವರ ಬದಲು ನನ್ನದು ಬರೆದುಕೊಳ್ಳಿ ಎಂದರೆ, ಅವರ ಹೆಸರು ತೆಗೆಸಲು ಮಗನೇ ಬರೆದುಕೊಡಬೇಕಂತೆ. ಎದುರಿನ ಬೇಕರಿಯವರು ಬ್ರೆಡ್ಡು ಕಟ್ಟಿಕೊಡುತ್ತಾ, "ಅಯ್ಯೋ, ಮಕ್ಕಳನ್ನ ಕೂರಿಸಿ ಏನ್ ಸಾಧಿಸ್ತಾರಮ್ಮ" ಎಂದು ಮರುಗಿದರು. ಅವರ ಮಕ್ಕಳೂ ಅದೇ ಶಾಲೆ, ಅವರದೂ 'ಹೌದು' ಎಂದೇ ಇದೆ. ಹಾಗಾದರೆ ಬದಲಾಯಿಸಿ ಎಂದೆ. "ಯಾರಿಗಿದೆ ಪುರುಸೊತ್ತು?" ಎಂದು ಚಿಲ್ಲರೆ ಎಣಿಸತೊಡಗಿದರು.

ನಿಮ್ಮನ್ನೂ ಚಿಕ್ಕಂದಿನಲ್ಲಿ ಒಂದು ವರ್ಷ ಕೂರಿಸಿದ್ದರು, ಅದರಿಂದಲೇ ಬುದ್ಧಿ ಬಂತು ಎನ್ನುತ್ತಿದ್ದಿರಿ. ಬಂದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಅನ್ನಿ! ನೀವು ಮನಸ್ಸು ಬದಲಿಸಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ನನಗೆ ತುಂಬ ಭಯವಾಗಿದೆ, ಇಲ್ಲಿ ಒಬ್ಬಳೇ ಆಗಿಬಿಟ್ಟಿದ್ದೇನೆ. ಮಗಳ ಮುಖ ನೆನೆದು ಇನ್ನೊಮ್ಮೆ ಯೋಚಿಸಿ, ಸಭೆಗೆ ಮುಂಚೆ ಮುಟ್ಟುವ ಹಾಗೆ ಗುಮಾಸ್ತರಿಗೆ ಎರಡು ಸಾಲು ಬರೆಯಿರಿ.

ಹೊತ್ತು ಹೊತ್ತಿಗೆ ಉಣ್ಣಿ, ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮವಳು

ತಾ.ಕ.: ಮುಖ್ಯ ಮಾತೇ ಬಿಟ್ಟುಹೋಗುತ್ತಿತ್ತು. ಅಭಿಪ್ರಾಯದ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಗಿಣಿ ಅದರಲ್ಲಿ ನಿಮ್ಮ ಹೆಸರು ಹುಡುಕಿ ಓದಿದ್ದಾಳೆ. ಈಗ ನಾನು ಕಾಗದ ಮಡಚುವಾಗ ಬಂದು, "ಅಪ್ಪ ನನ್ನ ಕೂರಿಸಿ ಅಂತ ಬರೆದ್ರಾ?" ಎಂದು ಕೇಳಿದಳು. ಅದು ನೀನು ಒಂದನೇ ತರಗತಿಯಲ್ಲಿದ್ದಾಗ ಬರೆದದ್ದು ಕಣೇ ಎಂದೆ. "ಹಾಗಾದ್ರೆ ನಾನು ದಡ್ಡಿ ಅಂತ ಅಪ್ಪಂಗೆ ಆಗ್ಲೇ ಗೊತ್ತಿತ್ತಾ?" ಎಂದಳು. ಗುಮಾಸ್ತರಿಗೆ ಆಮೇಲೆ ಬರೆಯಿರಿ. ಮೊದಲು ಅವಳಿಗೆ ಬರೆಯಿರಿ.