ಎರಡು ತಂತ್ರಾಂಶ, ಒಂದು ಗಿಲಕಿ

ಚನ್ನಪಟ್ಟಣ, ಶುಕ್ರವಾರ

ಭಾನುಪ್ರಿಯ ಮೇಡಂ ಅವರಿಗೆ ರಹೀಮಾಳ ನಮಸ್ಕಾರ.

ಲಕ್ವ ಹೊಡೆದು ಮಾತು ನಿಂತ ನಮ್ಮ ಯಜಮಾನರಿಗಾಗಿ ನೀವು ಆಸ್ಪತ್ರೆಯ ಹಳೇ ಕಂಪ್ಯೂಟರಿಗೆ, ಒತ್ತಿದ ಮಾತನ್ನು ಕೂಗಿ ಹೇಳುವ ಎರಡು ಉಚಿತ ತಂತ್ರಾಂಶ ಹಾಕಿಕೊಟ್ಟು, ಯಾವುದು ವಾಸಿ ಎಂದು ಬರೆಯಲು ಹೇಳಿದ್ದಿರಿ. ಮೊದಲನೆಯದರ ದನಿ ಥೇಟ್ ಮನುಷ್ಯರದೇ. ಆದರೆ ಆ ಕಂಪ್ಯೂಟರಿಗೆ ಅದು ಭಾರ. ಗುಂಡಿ ಒತ್ತಿ ಒಂದು ನಿಮಿಷವಾದ ಮೇಲೆ "ನೀರು" ಎನ್ನುತ್ತಿತ್ತು. ಎರಡನೆಯದು ಹಗುರ. ದನಿ ತಗಡು ಬಡಿದ ಹಾಗಿದ್ದರೂ ಒತ್ತಿದ ಕೂಡಲೇ ಕೂಗುತ್ತಿತ್ತು. ಅವರು ಅದನ್ನೇ ಇಟ್ಟುಕೊಂಡರು.

ಹೋದ ಮಂಗಳವಾರ ಪಕ್ಕದ ಮನೆ ಮಾಯಮ್ಮ ಬಂದು, "ಒಸಿ ಸೌಂಡ್ ಕಮ್ಮಿ ಮಾಡವ್ವ, ಮಗ ಮಲಗೈತೆ" ಅಂದರು. ಕಮ್ಮಿ ಮಾಡಿದೆ. ಮತ್ತೆ ಜಾಸ್ತಿ ಮಾಡುವುದನ್ನು ಮರೆತು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬಂದಾಗ ಯಜಮಾನರ ಉಸಿರು ನಿಂತಿತ್ತು. ಪರದೆಯ ಮೇಲೆ "ರಹೀಮಾ" ಎಂದು ಹದಿನಾಲ್ಕು ಸಲ ಇತ್ತು.

ತಂತ್ರಾಂಶದ ತಪ್ಪೇನಿಲ್ಲ. ಹಗುರದ್ದೇ ವಾಸಿ ಎಂದು ಬರೆದುಕೊಳ್ಳಿ. ಕಂಪ್ಯೂಟರನ್ನು ಬೇರೆ ರೋಗಿಗೆ ಕೊಡಿ. ಕೊಡುವಾಗ, ಈ ಕಾಗದದ ಜೊತೆ ಕಳಿಸಿರುವ, ಅರಗಿನ ಬಣ್ಣ ಹಚ್ಚಿದ ಮರದ ಗಿಲಕಿಯನ್ನೂ ಆ ರೋಗಿಯ ಕೈಗೆ ಕೊಡಿ. ಅಲ್ಲಾಡಿಸಿದರೆ ಹಿತ್ತಿಲಿಗೂ ಕೇಳುತ್ತದೆ.

ನಲವತ್ತು ವರ್ಷ ನಮ್ಮವರು ಮಾಡಿದ್ದು ಇವನ್ನೇ. ಮನೆ ತುಂಬ ಇವೆ. ಒಂದನ್ನು ಅವರ ಕೈಗಿಡಬೇಕೆಂದು ನನಗೆ ಹೊಳೆಯಲಿಲ್ಲ.

ಇಂತಿ,
ಗೊಂಬೆ ಗೌಸ್ ಅವರ ಮನೆಯಾಕೆ
ರಹೀಮಾ